ಮಂಡಕ್ಕಿ ಭಟ್ಟಿಯ ಮಗ್ಗುಲಲ್ಲಿ ಕೈಗೂಡಿದ ಧ್ಯಾನ

ಆಸನ, ಪ್ರಾಣಾಯಾಮಗಳಲ್ಲಿ 12 ವರ್ಷ ಪಳಗಿದ ಮೇಲೂ ನನಗೆ ಪ್ರತ್ಯಾಹಾರ, ಅಂದರೆ ಇಂದ್ರಿಯಗಳನ್ನು ಹೊರಗಿನ ವಿಷಯಗಳಿಂದ ಒಳಗೆ ಸೆಳೆದುಕೊಳ್ಳುವುದು, ದಕ್ಕಿರಲಿಲ್ಲ. ದಾವಣಗೆರೆಯಲ್ಲಿ ನನ್ನ ಮನೆಯಿರುವುದು ಮಂಡಕ್ಕಿ ಭಟ್ಟಿಗಳ ಪಕ್ಕದಲ್ಲಿ; ನಸುಕಿನಲ್ಲೇ ಕಾದ ಮರಳಿಗೆ ಅಕ್ಕಿ ಬಿದ್ದು ಚಟಪಟನೆ ಅರಳುವ ಸದ್ದು, ಜರಡಿ ಹಿಡಿಯುವ ಸದ್ದು, ಮೂಟೆ ಹೇರುವ ಆಟೋಗಳ ಸದ್ದು ಒಂದರ ಮೇಲೊಂದು ಏಳುತ್ತವೆ. “ಈ ಗದ್ದಲದಾಗೆ ಧ್ಯಾನ ಹೆಂಗಾಗುತ್ತೆ ಸರ್, ಮೊದ್ಲು ಮನೆ ಬದಲಿಸ್ರಿ” ಎಂದು ಜೊತೆಯ ಸಾಧಕರು ಹೇಳುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ.

ಆ ನಂಬಿಕೆಗೆ ತೆತ್ತದ್ದು ಕಡಿಮೆಯಲ್ಲ. ಎರಡು ಮೌನ ಶಿಬಿರಗಳಿಗೆ ಸುಮಾರು 22 ಸಾವಿರ, ಕೋಣೆಯ ದಪ್ಪ ಪರದೆ, ಥರ್ಮೊಕೋಲುಗಳಿಗೆ 9 ಸಾವಿರ, ಹೆಡ್‌ಫೋನಿಗೆ ನಾಲ್ಕೋ ಐದೋ ಸಾವಿರ. ಶಿಬಿರದಲ್ಲಿ ನೆಲೆಗೊಂಡ ಮನಸ್ಸು ಊರಿಗೆ ಮರಳಿದ ಮೂರನೆಯ ದಿನಕ್ಕೆ ಚದುರುತ್ತಿತ್ತು. ತುಪ್ಪದ ದೀಪವಿಟ್ಟು, ಅದರ ಜ್ವಾಲೆಯನ್ನೇ ಎವೆಯಿಕ್ಕದೆ ನೋಡುವ ತ್ರಾಟಕ ಮಾಡಿದೆ. ಮೊದಲ ವಾರದಲ್ಲೇ 20 ನಿಮಿಷಕ್ಕೆ ಏರಿಸಿದ ಅವಸರದಿಂದ ತಲೆನೋವು ಬಂದು ಅದನ್ನೂ ಕೈಬಿಡಬೇಕಾಯಿತು.

ಕಣ್ಣು ತೆರೆಸಿದ್ದು ಚಿತ್ರದುರ್ಗ. ಚಂದ್ರವಳ್ಳಿಯ ಅಂಕಲಿ ಮಠದ ನೆಲದಡಿಯ ಕೋಣೆಗಳಲ್ಲಿ ಟಾರ್ಚ್ ಆರಿಸಿ ಅರ್ಧ ಗಂಟೆ ಕುಳಿತೆ. ಹೊರಗಿನ ಸದ್ದು ಒಂದೂ ಇರಲಿಲ್ಲ, ಆದರೆ ಹಳೆಯ ಜಗಳ, ಬಾಕಿ ಲೆಕ್ಕ, ಮಗಳ ಮದುವೆಯ ಖರ್ಚು ಎಲ್ಲವೂ ಒಳಗೆ ಭಟ್ಟಿಗಿಂತ ಜೋರಾಗಿ ಸಿಡಿಯತೊಡಗಿದವು. ಸದ್ದು ಅಡ್ಡಿಯಲ್ಲವೆಂಬುದು ಅಲ್ಲಿ ಖಚಿತವಾಯಿತು.

ಮರುದಿನದಿಂದ ಪರದೆ ಸರಿಸಿ, ಬೆಳಗಿನ ಐದಕ್ಕೆ ಕಿಟಕಿ ತೆರೆದೇ ಕುಳಿತೆ. ಒಂದೊಂದೇ ಸದ್ದಿಗೆ ಕಿವಿಗೊಟ್ಟೆ: ಮೊದಲು ಅತಿ ದೂರದ ಸದ್ದು, ಅಂದರೆ ರೈಲಿನದು. ಬಳಿಕ ಭಟ್ಟಿಯದು, ಗಡಿಯಾರದ್ದು, ಕೊನೆಗೆ ನನ್ನ ಉಸಿರಿನದು. ಯಾವುದಕ್ಕೂ ಹೆಸರಿಡಬಾರದು, ‘ಇದು ಆಟೋ’ ಎಂದ ಕ್ಷಣವೇ ಅದರ ಚಾಲಕ, ಬಾಡಿಗೆ, ರಸ್ತೆಯ ಗುಂಡಿ ಎಲ್ಲವೂ ಹಿಂಬಾಲಿಸಿ ಬರುತ್ತವೆ. ಉಸಿರಿಗೆ ತಲುಪಿದ ಮೇಲೆ ಪೂರಕಕ್ಕೆ (ಉಸಿರನ್ನು ಒಳಗೆಳೆಯಲು) 4, ರೇಚಕಕ್ಕೆ (ಹೊರಬಿಡಲು) 8 ಎಣಿಕೆ. ಚಿತ್ತ ತಿಳಿಯಾಗಲು ಪತಂಜಲಿಗಳು ಯೋಗಸೂತ್ರದ ಮೊದಲ ಭಾಗವಾದ ಸಮಾಧಿಪಾದದಲ್ಲಿ ಹೇಳಿದ ಉಪಾಯಗಳಲ್ಲಿ ಉಸಿರನ್ನು ಹೊರಬಿಟ್ಟು ತಡೆಯುವುದೂ ಒಂದು. ನಾನು ಮಣಿಕಟ್ಟಿನ ಮೇಲೆ ಬೆರಳಿಟ್ಟು ಹಲವು ದಿನ ಪರೀಕ್ಷಿಸಿದ್ದೇನೆ: ಒಳಗೆಳೆಯುವಾಗ ನಾಡಿ ಚುರುಕಾಗುತ್ತದೆ, ಹೊರಬಿಡುವಾಗ ನಿಧಾನವಾಗುತ್ತದೆ. ರೇಚಕದ ಕೊನೆಯ ತಡೆಯನ್ನು ಹೇಗೆ ಬಿಡಬೇಕೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಎದುರು ಕೂರಿಸಿಕೊಂಡೇ ಕಲಿಸಬೇಕು.

ಸುಮಾರು 40ನೆಯ ದಿನ ಎಣಿಕೆ ತಾನಾಗಿ ನಿಂತಿತು, ಭಟ್ಟಿಯ ಸದ್ದು ಇದ್ದೂ ಇಲ್ಲದಂತಾಯಿತು. ಆ ಬೆಳಗನ್ನು ನಾನು ಎಂದಿಗೂ ಮರೆಯಲಾರೆ. ನಿಮಿಷಕ್ಕೆ 15ರಷ್ಟಿದ್ದ ಉಸಿರು ಕುಳಿತಾಗ ಆರಕ್ಕೆ ಇಳಿದಿದೆ, ಮಲಗಿದ ಹತ್ತು ನಿಮಿಷಕ್ಕೆ ನಿದ್ದೆ ಬರುತ್ತದೆ, ಅಂಗಡಿಯ ಹುಡುಗರ ಮೇಲೆ ದನಿ ಏರಿಸುವುದು ನಿಂತಿದೆ. ಬಿಪಿ ಮಾತ್ರೆಯನ್ನು ಬಿಟ್ಟಿಲ್ಲ, ಅದು ವೈದ್ಯರ ತೀರ್ಮಾನ.

ಮನೆ ಬದಲಿಸಲು ಹೇಳಿದ್ದವರಲ್ಲಿ ಇಬ್ಬರು ಈಗ ನನ್ನ ಜೊತೆಯೇ ಕೂರುತ್ತಾರೆ. ಕಳೆದ ತಿಂಗಳು ಭಟ್ಟಿಗೆ ರಜೆಯಿದ್ದ ದಿನ, ರೈಲು ಹೋದ ಮೇಲೆ ಎರಡನೆಯ ಸದ್ದು ಸಿಗದೆ ಇಬ್ಬರೂ ಕಣ್ಣು ತೆರೆದು ನನ್ನನ್ನು ನೋಡಿದರು.