ಹುಟ್ಟಲಿರುವ ಮಗುವಿಗೂ ತೆರಿಗೆ ವಿನಾಯಿತಿ: ಅಮೆರಿಕದ ಜಾರ್ಜಿಯಾಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ

ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿಯನ್ನು ಹೊರಗೆ ಹೇಳಬಾರದು ಎಂಬ ಮಾತನ್ನು ನಮ್ಮ ಎಷ್ಟೋ ಮನೆಗಳು ಇಲ್ಲಿಗೆ ಬಂದ ಮೇಲೂ ಪಾಲಿಸುತ್ತವೆ. ಪಾಲಿಸಿ, ತಪ್ಪಿಲ್ಲ. ಆದರೆ ತೆರಿಗೆ ರಿಟರ್ನ್ ತುಂಬಿಸಿಕೊಡುವವರಿಗೆ ಮಾತ್ರ ಹೇಳಿಬಿಡಿ. ಜಾರ್ಜಿಯಾ ರಾಜ್ಯದಲ್ಲಿ ಹೊಟ್ಟೆಯಲ್ಲಿರುವ ಮಗುವೂ ಅವಲಂಬಿತರ ಲೆಕ್ಕಕ್ಕೆ ಸೇರುತ್ತದೆ.

ಇದಕ್ಕೆ ಅವಕಾಶ ಕೊಟ್ಟದ್ದು 2019ರಲ್ಲಿ ಅಂಗೀಕಾರವಾದ ರಾಜ್ಯದ ಕಾನೂನು; ಅದು ನ್ಯಾಯಾಲಯದ ತಡೆ ದಾಟಿ 2022ರ ಜುಲೈ 20ರಂದು ಜಾರಿಗೆ ಬಂತು. ಗರ್ಭಪಾತವನ್ನು ನಿರ್ಬಂಧಿಸುವ ಕಾನೂನೂ ಅದೇ; ಅದರ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ನಿಮಗೆ ಸಲ್ಲಬೇಕಾದದ್ದನ್ನು ಬಿಡಬೇಡಿ. ವರ್ಷದ ಯಾವುದೇ ದಿನ ಮಗುವಿನ ಹೃದಯ ಬಡಿತ ಪತ್ತೆಯಾಗಿದ್ದರೆ ಸಾಕು. ಸಾಮಾನ್ಯವಾಗಿ ಅದು ಆರನೇ ವಾರದ ಹೊತ್ತಿಗೆ ಕಾಣುತ್ತದೆ. ಹಾಗಾಗಿ ಡಿಸೆಂಬರ್ ಕೊನೆಯ ಸ್ಕ್ಯಾನಿಂಗ್‌ನಲ್ಲಿ ಬಡಿತ ಕಂಡರೂ ಆ ವರ್ಷಕ್ಕೆ ವಿನಾಯಿತಿ ಸಿಗುತ್ತದೆ. ಸುದ್ದಿಯನ್ನು ಗುಟ್ಟಾಗಿಟ್ಟುಕೊಂಡವರು ಕಳೆದುಕೊಳ್ಳುವುದು ಇದನ್ನೇ.

2025ರ ಲೆಕ್ಕದಲ್ಲಿ ಒಂದು ಮಗುವಿಗೆ 4,000 ಡಾಲರ್ ಆದಾಯದ ಮೇಲೆ ರಾಜ್ಯದ ತೆರಿಗೆ ಇಲ್ಲ. ದರ ಶೇ 5.19 ಆದ್ದರಿಂದ ಕೈಯಲ್ಲಿ ಉಳಿಯುವುದು ಸುಮಾರು 208 ಡಾಲರ್. ಅವಳಿಯಾದರೆ ಅದರ ಎರಡರಷ್ಟು. ವರ್ಷದ ನಡುವೆ ಜಾರ್ಜಿಯಾಕ್ಕೆ ಬಂದವರಿಗೆ ಇದು ಅನುಪಾತಕ್ಕೆ ತಕ್ಕಂತೆ ಇಳಿಯುತ್ತದೆ. ಅದೇ ವರ್ಷ ಹೆರಿಗೆಯೂ ಆದರೆ ಒಂದೇ ಮಗು, ಒಂದೇ ವಿನಾಯಿತಿ.

ಒಂದು ಮಾತನ್ನು ಮೆಲ್ಲಗೆ ಹೇಳಬೇಕು. ಬಡಿತ ಕಂಡ ಮೇಲೆ ಮಗು ಉಳಿಯದೆ ಹೋದರೂ ಆ ವರ್ಷದ ವಿನಾಯಿತಿ ನಿಮ್ಮದೇ. ಅಂಥ ದಿನಗಳಲ್ಲಿ ಫಾರ್ಮ್ ತುಂಬುವ ಮನಸ್ಸು ಯಾರಿಗಿರುತ್ತದೆ? ಆಗದಿದ್ದರೆ ಬಿಡಿ. ಮೂರು ವರ್ಷದೊಳಗೆ ತಿದ್ದುಪಡಿ ರಿಟರ್ನ್ ಸಲ್ಲಿಸಲು ಅವಕಾಶವಿದೆ.

ದಾಖಲೆಗಳನ್ನು ರಿಟರ್ನ್ ಜೊತೆ ಕಳುಹಿಸಬೇಕಾಗಿಲ್ಲ, ಇಲಾಖೆ ಕೇಳಿದರೆ ಕೊಡಬೇಕು. ಸ್ಕ್ಯಾನಿಂಗ್ ಕೋಣೆಯಲ್ಲಿ ಕೈಗೆ ಕೊಡುವ ಆ ಪುಟ್ಟ ಕಪ್ಪು ಬಿಳುಪು ಚಿತ್ರ ಹೆಚ್ಚಾಗಿ ಅಂಗಡಿ ರಸೀದಿಯಂಥ ಕಾಗದದ್ದು. ಬಿಸಿಲು ತಾಗಿದರೆ ಮಾಸುತ್ತದೆ. ಅಂದೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ, ಮೇಲಿನ ಹೆಸರು ಮತ್ತು ದಿನಾಂಕ ಸ್ಪಷ್ಟವಾಗಿ ಕಾಣಲಿ. ಬಡಿತದ ಉಲ್ಲೇಖವಿರುವ ಲಿಖಿತ ವರದಿಯನ್ನೂ ವೈದ್ಯರಿಂದ ಕೇಳಿ ಪಡೆಯಿರಿ.

ಇದು ರಾಜ್ಯದ ರಿಟರ್ನ್‌ಗೆ ಮಾತ್ರ. ಅಮೆರಿಕದ ಕೇಂದ್ರ ಸರ್ಕಾರಕ್ಕೆ ಸಲ್ಲಿಸುವ (ಫೆಡರಲ್) ರಿಟರ್ನ್‌ನಲ್ಲಿ ಹುಟ್ಟದ ಮಗುವನ್ನು ದಯವಿಟ್ಟು ತೋರಿಸಬೇಡಿ. ಅಲ್ಲಿ ಮಗು ಹುಟ್ಟಿರಬೇಕು; ಡಿಸೆಂಬರ್ 31ರ ರಾತ್ರಿ ಹುಟ್ಟಿದರೂ ಇಡೀ ವರ್ಷದ ಲೆಕ್ಕ. 2025ಕ್ಕೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಒಂದು ಮಗುವಿಗೆ ತೆರಿಗೆಯಲ್ಲೇ ಕಡಿತವಾಗುವ ಮೊತ್ತ, 2,200 ಡಾಲರ್‌ವರೆಗೆ ಇದೆ. ಅದಕ್ಕೆ ಮಗುವಿಗೂ, ತಂದೆ ತಾಯಿಯರಲ್ಲಿ ಒಬ್ಬರಿಗಾದರೂ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬೇಕು. ಎಚ್-4 (ಉದ್ಯೋಗ ವೀಸಾದವರ ಸಂಗಾತಿಯ) ವೀಸಾದ ತಾಯಿಗೆ ಆ ಸಂಖ್ಯೆ ಇಲ್ಲದಿದ್ದರೆ ಅದರ ಬದಲು ತೆರಿಗೆಗಾಗಿಯೇ ಕೊಡುವ ಐಟಿಐಎನ್ ಸಂಖ್ಯೆ ಮಾಡಿಸಿ, ಇಬ್ಬರೂ ಸೇರಿ ಜಂಟಿ ರಿಟರ್ನ್ ಸಲ್ಲಿಸಿ. ಮಗುವಿನ ಸಂಖ್ಯೆಗಾಗಿ ಹೆರಿಗೆಯಾದ ಆಸ್ಪತ್ರೆಯಲ್ಲೇ ಜನನ ನೋಂದಣಿ ಫಾರ್ಮ್‌ನಲ್ಲಿ ಒಂದು ಪ್ರಶ್ನೆ ಇರುತ್ತದೆ. ಬಾಣಂತಿಯ ಆಯಾಸದಲ್ಲಿ ಅದು ಕಣ್ತಪ್ಪದಂತೆ ಜೊತೆಗಿರುವವರು ನೋಡಿ, ‘ಹೌದು’ ಎಂದು ಗುರುತು ಹಾಕಿಸಿ.