ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಗೇಮ್ ವೇಗ ಏರಲಿಲ್ಲವೇ? ತಡೆ ಎಲ್ಲಿದೆ ಎಂದು ಹೀಗೆ ಹುಡುಕಿ

ಹಳೆಯ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಹೊಸದನ್ನು ಕೂರಿಸಿದ್ದಾಯಿತು. ಗೇಮ್ ತೆರೆದರೆ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್‌ಗಳ, ಅಂದರೆ ಚಿತ್ರಗಳ ಸಂಖ್ಯೆ) ಮೊದಲಿನಷ್ಟೇ ಇದೆ. ಇಲ್ಲವೇ ಸ್ವಲ್ಪ ಏರಿದೆ, ಆದರೆ ನಡುನಡುವೆ ಜರ್ಕ್ ಹೊಡೆಯುತ್ತದೆ. ಆಗ ಎಲ್ಲರ ಅನುಮಾನವೂ ಮೊದಲು ಹೋಗುವುದು ಪ್ರೊಸೆಸರ್ ಮೇಲೆ. ಅನುಮಾನ ನಿಜವೇ ಇರಬಹುದು. ಆದರೆ ಅಳೆದು ನೋಡದೆ ಇನ್ನೊಂದು ಭಾಗ ಕೊಂಡರೆ ದುಡ್ಡು ದಂಡವಾಗುವ ಸಾಧ್ಯತೆಯೇ ಜಾಸ್ತಿ. ಅಳೆಯಲು ಬೇಕಾದ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ. ಒಂದು ಸಂಜೆ ಕೂತರೆ ಸಾಕು.

ಪ್ರೊಸೆಸರ್ ಮತ್ತು ಕಾರ್ಡಿನ ಹೆಸರು ಕೊಟ್ಟರೆ ‘ಇಷ್ಟು ಪರ್ಸೆಂಟ್ ಬಾಟಲ್‌ನೆಕ್ (ತಡೆ)’ ಎಂದು ಹೇಳಿಬಿಡುವ ವೆಬ್‌ಸೈಟ್‌ಗಳಿವೆ. ಅವುಗಳತ್ತ ಹೋಗಲೇಬೇಡಿ. ಅದೇ ಕಂಪ್ಯೂಟರಿನಲ್ಲಿ ಒಂದು ಗೇಮ್‌ಗೆ ಕಾರ್ಡ್ ಸಾಲದು, ಇನ್ನೊಂದಕ್ಕೆ ಪ್ರೊಸೆಸರ್ ಸಾಲದು. ರೆಸಲ್ಯೂಶನ್ (ಚಿತ್ರದ ಪಿಕ್ಸೆಲ್ ಸಂಖ್ಯೆ) ಬದಲಿಸಿದರೆ ಉತ್ತರವೂ ಬದಲಾಗುತ್ತದೆ. ಎರಡು ಹೆಸರು ನೋಡಿ ಒಂದು ಅಂಕಿ ಹೇಳುವುದು ಬರೀ ಊಹೆ.

ಕೆಲಸ ನಡೆಯುವ ಬಗೆ ಹೀಗಿದೆ. ಪ್ರತಿ ಫ್ರೇಮ್‌ಗೂ ಮೊದಲು ಪ್ರೊಸೆಸರ್ ಲೆಕ್ಕ ಹಾಕುತ್ತದೆ: ಯಾರು ಎಲ್ಲಿದ್ದಾರೆ, ಗುಂಡು ಎಲ್ಲಿ ತಗುಲಿತು, ಪರದೆಯ ಮೇಲೆ ಏನೇನು ಬಿಡಿಸಬೇಕು. ಆ ಪಟ್ಟಿ ಕೈಗೆ ಬಂದ ಮೇಲೆ ಕಾರ್ಡ್ ಚಿತ್ರ ಬಿಡಿಸುತ್ತದೆ. ಮಣ್ಣಿನ ಕೆಲಸದಲ್ಲಿ ಒಬ್ಬರು ಬುಟ್ಟಿ ತುಂಬಿಕೊಡುತ್ತಾರೆ, ಇನ್ನೊಬ್ಬರು ಹೊತ್ತು ಹಾಕುತ್ತಾರೆ ಅಲ್ವಾ? ತುಂಬುವವರು ನಿಧಾನವಾದರೆ ಹೊರುವವರು ಎಷ್ಟೇ ಗಟ್ಟಿಗರಾದರೂ ಸುಮ್ನೆ ನಿಂತಿರಬೇಕಾಗುತ್ತದೆ. ನಾವು ಪತ್ತೆ ಮಾಡಬೇಕಿರುವುದು ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂಬುದನ್ನು.

ಮೊದಲು ಸುಲಭದವನ್ನು ಮುಗಿಸಿ

ಮಾನಿಟರ್ ಕೇಬಲ್ ಹೊಸ ಕಾರ್ಡಿಗೇ ಚುಚ್ಚಿದ್ದೀರಾ ನೋಡಿ. ಮದರ್‌ಬೋರ್ಡಿನ ಸಾಕೆಟ್‌ಗೆ ಚುಚ್ಚಿರುವುದು ತಮಾಷೆಯಂತೆ ಕಂಡರೂ ಅಪರೂಪವೇನಲ್ಲ. ಆಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ) ನೋಡಿ. ಮಾನಿಟರ್ 144 ಹರ್ಟ್ಸ್‌ನದ್ದಾದರೂ ಕಾರ್ಡ್ ಬದಲಿಸಿದ ಮೇಲೆ ಅದು 60ಕ್ಕೆ ಇಳಿದು ಕೂತಿರಬಹುದು.

ವಿ-ಸಿಂಕ್ (ಎಫ್‌ಪಿಎಸ್ ಅನ್ನು ರಿಫ್ರೆಶ್ ರೇಟ್‌ಗೆ ಕಟ್ಟಿಹಾಕುವ ಸೆಟ್ಟಿಂಗ್), ಗೇಮ್ ಒಳಗಿನ ಫ್ರೇಮ್ ಮಿತಿ, ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಒಳಗಿನ ಫ್ರೇಮ್ ಮಿತಿ, ಮೂರನ್ನೂ ಆಫ್ ಮಾಡಿ. 60ಕ್ಕೆ ಮಿತಿ ಹಾಕಿಟ್ಟು ‘ಕಾರ್ಡ್ ಅರ್ಧ ಕೆಲಸವನ್ನೂ ಮಾಡುತ್ತಿಲ್ಲ’ ಎಂದು ಗೋಳಾಡುವವರಿದ್ದಾರೆ. ಫ್ರೇಮ್ ಜನರೇಶನ್ ಕೂಡ ಸದ್ಯಕ್ಕೆ ಬೇಡ. ಅದು ನಡುವೆ ಹೊಸ ಫ್ರೇಮ್ ಸೇರಿಸಿ ಅಂಕಿಯನ್ನು ಉಬ್ಬಿಸುತ್ತದೆ.

ಎಎಂಡಿಯಿಂದ ಎನ್‌ವಿಡಿಯಾಗೋ, ಎನ್‌ವಿಡಿಯಾದಿಂದ ಎಎಂಡಿಗೋ ಬಂದಿದ್ದರೆ, ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಸಾಫ್ಟ್‌ವೇರ್‌ನಿಂದ ಹಳೆಯ ಡ್ರೈವರ್ ಪೂರ್ತಿ ಒರೆಸಿ ಹೊಸದನ್ನು ಹಾಕಿ.

ಅಳತೆಗೆ ಸಿದ್ಧತೆ

ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆ ಬರುವ ರಿವಾಟ್ಯೂನರ್ ಹಾಕಿಕೊಳ್ಳಿ. ಕಾರ್ಡ್ ಯಾವ ಕಂಪನಿಯದ್ದಾದರೂ ಅದು ಕೆಲಸ ಮಾಡುತ್ತದೆ. ಆಡುವಾಗ ಪರದೆಯ ಮೂಲೆಯಲ್ಲಿ ಇವು ಕಾಣುವಂತೆ ಮಾಡಿ: ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ, ಜಿಪಿಯು ಬಿಸಿ, ವೀಡಿಯೊ ಮೆಮೊರಿ (ಕಾರ್ಡಿನದೇ ಮೆಮೊರಿ), ಪ್ರೊಸೆಸರಿನ ಪ್ರತಿ ಥ್ರೆಡ್‌ನ (ಪ್ರೊಸೆಸರಿನ ಕೋರ್‌ಗಳು, ಅಂದರೆ ಲೆಕ್ಕದ ಘಟಕಗಳು, ನಡೆಸುವ ಒಂದೊಂದು ಕೆಲಸದ ಸಾಲು) ಬಳಕೆ, ಪ್ರೊಸೆಸರ್ ಬಿಸಿ, ರ‍್ಯಾಮ್ ಬಳಕೆ, ಎಫ್‌ಪಿಎಸ್, ಫ್ರೇಮ್ ಟೈಮ್ ಗ್ರಾಫ್.

ಕೊನೆಯದನ್ನು ಮರೆಯಬೇಡಿ. 60 ಎಫ್‌ಪಿಎಸ್ ಎಂದರೆ ಒಂದು ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್, 144 ಎಂದರೆ ಸುಮಾರು 6.9. ಸರಾಸರಿ ಎಫ್‌ಪಿಎಸ್ ಚೆನ್ನಾಗಿದ್ದು, ಆಗಾಗ ಒಂದು ಫ್ರೇಮ್ 50 ಮಿಲಿಸೆಕೆಂಡ್ ತೆಗೆದುಕೊಂಡರೆ ಕಣ್ಣಿಗೆ ಬೀಳುವುದು ಆ ಒಂದು ಫ್ರೇಮೇ. ಗ್ರಾಫ್‌ನ ಗೆರೆ ನೇರವಾಗಿದ್ದರೆ ಆಟ ನಯವಾಗಿರುತ್ತದೆ.

ಗೇಮ್‌ನಲ್ಲೇ ಬೆಂಚ್‌ಮಾರ್ಕ್ (ವೇಗ ಅಳೆಯುವ ಸಿದ್ಧ ಪರೀಕ್ಷೆ) ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಒಂದೇ ಸೇವ್ ಫೈಲ್ ತೆರೆದು, ಪ್ರತಿ ಸಲವೂ ಅದೇ ದಾರಿಯಲ್ಲಿ ಒಂದೆರಡು ನಿಮಿಷ ಓಡಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಅಂಕಿ ಓದುವುದು

ಜಿಪಿಯು ಬಳಕೆ ಶೇ 95ರಿಂದ 99ರ ನಡುವೆ ನಿಂತಿದ್ದರೆ ಕಾರ್ಡ್ ತನ್ನ ಪೂರ್ತಿ ಶಕ್ತಿ ಹಾಕುತ್ತಿದೆ ಎಂದರ್ಥ. ಇದು ಒಳ್ಳೆಯ ಸುದ್ದಿ. ಇದಕ್ಕಿಂತ ವೇಗ ಬೇಕಿದ್ದರೆ ಗ್ರಾಫಿಕ್ಸ್ ಸೆಟ್ಟಿಂಗ್ಸ್ ಇಳಿಸಬೇಕು, ಅಷ್ಟೇ. ಮಿತಿಗಳನ್ನೆಲ್ಲ ತೆಗೆದ ಮೇಲೂ ಬಳಕೆ ಶೇ 60–80ರಲ್ಲೇ ತೇಲುತ್ತಿದ್ದರೆ ಕಾರ್ಡ್ ಕೆಲಸಕ್ಕಾಗಿ ಕಾಯುತ್ತಿದೆ.

ಇಲ್ಲಿ ತುಂಬಾ ಜನ ಎಡವುತ್ತಾರೆ. ಟಾಸ್ಕ್ ಮ್ಯಾನೇಜರ್ ತೆರೆದು ‘ಪ್ರೊಸೆಸರ್ ಬಳಕೆ ಶೇ 35 ಮಾತ್ರ, ಹಾಗಾದರೆ ತೊಂದರೆ ಅಲ್ಲಿಲ್ಲ’ ಎನ್ನುತ್ತಾರೆ. ಆ ಅಂಕಿ ಎಲ್ಲ ಥ್ರೆಡ್‌ಗಳ ಸರಾಸರಿ. 8 ಕೋರ್, 16 ಥ್ರೆಡ್ ಇರುವ ಪ್ರೊಸೆಸರಿನಲ್ಲಿ ಒಂದು ಥ್ರೆಡ್ ಪೂರ್ತಿ ದುಡಿದರೂ ಒಟ್ಟು ಲೆಕ್ಕದಲ್ಲಿ ಅದು ಬರೀ ಶೇ 6.25. ಗೇಮ್‌ಗಳ ಮುಖ್ಯ ಕೆಲಸ ಸಾಮಾನ್ಯವಾಗಿ ಒಂದೆರಡು ಥ್ರೆಡ್‌ಗಳ ಮೇಲೇ ಬೀಳುತ್ತದೆ. ಆ ಥ್ರೆಡ್ ಕ್ಷಣಕ್ಷಣಕ್ಕೂ ಕೋರ್‌ನಿಂದ ಕೋರ್‌ಗೆ ಹಾರುವುದರಿಂದ, ಯಾವ ಕೋರೂ ಶೇ 100 ತೋರಿಸದೆಯೂ ಪ್ರೊಸೆಸರ್ ಸುಸ್ತಾಗಿರಬಹುದು. ಹಾಗಾಗಿ ಪ್ರೊಸೆಸರ್ ಬಳಕೆಗಿಂತ ಜಿಪಿಯು ಬಳಕೆಯ ಅಂಕಿಯನ್ನೇ ಜಾಸ್ತಿ ನಂಬಿ.

ನಿಜ ಹೊರಬೀಳುವ ಪರೀಕ್ಷೆ

ಒಂದೇ ಒಂದು ಪರೀಕ್ಷೆ ಮಾಡುವಷ್ಟು ತಾಳ್ಮೆ ಇದ್ದರೆ ಇದನ್ನು ಮಾಡಿ. ಉಳಿದ ಸೆಟ್ಟಿಂಗ್ಸ್ ಮುಟ್ಟದೆ ರೆಸಲ್ಯೂಶನ್ ಮಾತ್ರ ಇಳಿಸಿ. 1080ಪಿಯಲ್ಲಿ ಆಡುತ್ತಿದ್ದರೆ 720ಪಿಗೆ ಬನ್ನಿ.

1080ಪಿ ಎಂದರೆ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿ ಎಂದರೆ 36.9 ಲಕ್ಷ, 4ಕೆ ಎಂದರೆ 82.9 ಲಕ್ಷ. ಪಿಕ್ಸೆಲ್ ಕಮ್ಮಿಯಾದರೆ ಕಾರ್ಡಿನ ಕೆಲಸ ಹಗುರವಾಗುತ್ತದೆ. ಪ್ರೊಸೆಸರಿನ ಲೆಕ್ಕ ಮಾತ್ರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ರೆಸಲ್ಯೂಶನ್ ಇಳಿಸಿದಾಗ 90 ಇದ್ದ ಎಫ್‌ಪಿಎಸ್ 140ಕ್ಕೆ ಹಾರಿದರೆ ತಡೆ ಕಾರ್ಡಿನಲ್ಲಿತ್ತು. 90 ಇದ್ದದ್ದು 92 ಆದರೆ ತಡೆ ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ ಇದೆ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಕೂಡ ಒಳಗೊಳಗೆ ರೆಸಲ್ಯೂಶನ್ ಇಳಿಸುವ ತಂತ್ರಗಳೇ. ಅವನ್ನು ಆನ್ ಮಾಡಿದರೂ ವೇಗ ಏರದಿದ್ದರೆ ಕಾರಣ ಇದೇ.

ಪ್ರೊಸೆಸರ್ ಕಡೆ ಬೆರಳು ಹೋದರೆ

ಪ್ರೊಸೆಸರನ್ನು ದೂರುವ ಮೊದಲು ರ‍್ಯಾಮ್ ನೋಡಿ. ಬಿಟ್ಟಿಯಾಗಿ ವೇಗ ಸಿಗುವ ಜಾಗ ಇದು. 3200ರ ಡಿಡಿಆರ್4 ರ‍್ಯಾಮ್ ಕೊಂಡಿದ್ದರೂ ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ಮೊದಲು ಓಡುವ ಮದರ್‌ಬೋರ್ಡಿನ ಸಾಫ್ಟ್‌ವೇರ್) ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡದಿದ್ದರೆ ಅದು ಸಾಮಾನ್ಯವಾಗಿ 2133 ಅಥವಾ 2400ರಲ್ಲೇ ಓಡುತ್ತದೆ. 6000ದ ಡಿಡಿಆರ್5 ಆದರೆ 4800ರಲ್ಲಿ ನಿಂತಿರಬಹುದು. ಎಎಂಡಿ ಬೋರ್ಡ್‌ಗಳಲ್ಲಿ ಡಿಡಿಆರ್5ಗೆ ಇರುವ ಇಂಥದೇ ಸೆಟ್ಟಿಂಗ್‌ನ ಹೆಸರು ಎಕ್ಸ್‌ಪೋ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಈಗಿನ ವೇಗ ಕಾಣುತ್ತದೆ. ಸಿಪಿಯು-ಝಡ್ ಎಂಬ ಸಾಫ್ಟ್‌ವೇರ್‌ನಲ್ಲಿ ನೋಡುವವರು ಗಾಬರಿಯಾಗಬೇಡಿ, ಅದು ಅರ್ಧ ಅಂಕಿ ತೋರಿಸುತ್ತದೆ. 1600 ಎಂದಿದ್ದರೆ 3200 ಎಂದೇ ಓದಿಕೊಳ್ಳಿ.

ಒಂದೇ ರ‍್ಯಾಮ್ ಕಡ್ಡಿ ಇದ್ದರೆ ಸಿಂಗಲ್ ಚಾನೆಲ್‌ನಲ್ಲಿ, ಅಂದರೆ ಎರಡರ ಬದಲು ಒಂದೇ ದಾರಿಯಲ್ಲಿ, ಓಡುತ್ತಿದೆ ಎಂದರ್ಥ. ನಾಲ್ಕು ಸ್ಲಾಟ್‌ಗಳ ಬೋರ್ಡಿನಲ್ಲಿ ಎರಡು ಇದ್ದೂ ಪಕ್ಕಪಕ್ಕದ ಸ್ಲಾಟ್‌ಗಳಲ್ಲಿ ಕೂತಿದ್ದರೆ ಫಲ ಅದೇ ಆಗಬಹುದು. ಅಂಥ ಬೋರ್ಡಿನಲ್ಲಿ ಬಹುತೇಕ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಬೇಕು. ಬೋರ್ಡಿನ ಕೈಪಿಡಿಯಲ್ಲಿ ಚಿತ್ರ ಇರುತ್ತದೆ.

ಆಮೇಲೆ ಬಿಸಿ. ಪ್ರೊಸೆಸರ್ 95–100 ಡಿಗ್ರಿಯ ಹತ್ತಿರ ಹೋಗಿ ಅದೇ ಹೊತ್ತಿಗೆ ಕ್ಲಾಕ್ ವೇಗ ಕುಸಿಯುತ್ತಿದ್ದರೆ ಕೂಲರ್, ದೂಳು, ಒಣಗಿದ ಥರ್ಮಲ್ ಪೇಸ್ಟ್ ನೋಡಿ. ಹೊಸ ಕಾರ್ಡ್ ಹಳೆಯದಕ್ಕಿಂತ ಹೆಚ್ಚು ಕರೆಂಟ್ ತಿನ್ನುವಂಥದ್ದಾದರೆ ಕ್ಯಾಬಿನೆಟ್ ಒಳಗಿನ ಗಾಳಿಯೇ ಬಿಸಿಯಾಗಿ ಪ್ರೊಸೆಸರಿಗೂ ತಟ್ಟುತ್ತದೆ.

ವೇಗ ಇದೆ, ಆದರೆ ಜರ್ಕ್ ಹೋಗಿಲ್ಲ

ಇದು ಬೇರೆಯೇ ಕಾಯಿಲೆ. 8 ಜಿಬಿ ಕಾರ್ಡಿನಲ್ಲಿ ಟೆಕ್ಸ್ಚರ್‌ಗಳನ್ನು (ಗೋಡೆ, ನೆಲದಂಥವುಗಳ ಮೇಲ್ಮೈ ಚಿತ್ರಗಳು) ಅಲ್ಟ್ರಾಗೆ ಇಟ್ಟರೆ ವೀಡಿಯೊ ಮೆಮೊರಿ ತುಂಬಿ, ಉಳಿದದ್ದು ಸಿಸ್ಟಂ ರ‍್ಯಾಮ್‌ಗೆ ಚೆಲ್ಲಬಹುದು. ಆಗ ಎಫ್‌ಪಿಎಸ್ ಇದ್ದಕ್ಕಿದ್ದಂತೆ ಬೀಳುತ್ತದೆ, ಗೋಡೆ ನೆಲಗಳು ಮಸುಕಾಗಿ ಕಂಡು ತಡವಾಗಿ ಸ್ಪಷ್ಟವಾಗುತ್ತವೆ. ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿದಾಗ ಜರ್ಕ್ ನಿಂತರೆ ಪತ್ತೆಯಾಯಿತು. ಹೊಸ ಜಾಗಕ್ಕೆ ಓಡಿದಾಗಲೆಲ್ಲ ಜರ್ಕ್ ಬಂದು, ಗೇಮ್ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಅದನ್ನು ಎಸ್‌ಎಸ್‌ಡಿಗೆ ಸಾಗಿಸಿ. ಹೊಸ ಡ್ರೈವರ್ ಹಾಕಿದ ಮೊದಲ ಆಟದಲ್ಲಿ ಮಾತ್ರ ಬರುವ ಜರ್ಕ್ ಬಹುತೇಕ ಶೇಡರ್ (ಚಿತ್ರ ಬಿಡಿಸಲು ಕಾರ್ಡ್ ಓಡಿಸುವ ಚಿಕ್ಕ ಪ್ರೋಗ್ರಾಂ) ಕಂಪೈಲ್ ಆಗುವುದರಿಂದ, ಅಂದರೆ ಓಡಲು ಸಿದ್ಧವಾಗುವುದರಿಂದ. ಅದಕ್ಕೆ ಯಾವ ಭಾಗವನ್ನೂ ಬದಲಿಸಬೇಕಿಲ್ಲ.

ಸ್ಲಾಟ್ ಮತ್ತು ಪವರ್

ಜಿಪಿಯು-ಝಡ್ ಎಂಬ ಸಾಫ್ಟ್‌ವೇರ್ ತೆರೆದು ಬಸ್ ಇಂಟರ್‌ಫೇಸ್ ಸಾಲು ನೋಡಿ. ಕಾರ್ಡ್ ಸುಮ್ಮನಿರುವಾಗ ಅಲ್ಲಿ ಕಡಿಮೆ ವೇಗ ಕಾಣುವುದು ಸಹಜ, ಗೇಮ್ ಓಡುವಾಗಲೇ ನೋಡಬೇಕು. 16 ಲೇನ್ (ಕಾರ್ಡ್ ಮತ್ತು ಬೋರ್ಡಿನ ನಡುವೆ ಡೇಟಾ ಸಾಗುವ ದಾರಿ) ಕಾರ್ಡ್ 4 ಲೇನ್‌ನಲ್ಲಿ ಓಡುತ್ತಿದ್ದರೆ ತಪ್ಪು ಸ್ಲಾಟ್‌ಗೆ ಹಾಕಿದ್ದೀರಿ, ಇಲ್ಲವೇ ಸರಿಯಾಗಿ ಕೂತಿಲ್ಲ. ಕೆಲವು ಕಾರ್ಡ್‌ಗಳಿಗೆ ಹುಟ್ಟಿನಿಂದಲೇ ಲೇನ್ ಕಮ್ಮಿ. ಆರ್‌ಟಿಎಕ್ಸ್ 4060ಕ್ಕೆ 8, ಆರ್‌ಎಕ್ಸ್ 6500 ಎಕ್ಸ್‌ಟಿಗೆ ಬರೀ 4. ಇಂಥವು ಪಿಸಿಐ ಎಕ್ಸ್‌ಪ್ರೆಸ್ 3.0 ಇರುವ ಹಳೆಯ ಬೋರ್ಡಿನಲ್ಲಿ ಇನ್ನಷ್ಟು ಸೊರಗುತ್ತವೆ, ಅದರಲ್ಲೂ ಎರಡನೆಯದು. ಇಂಟೆಲ್ ಆರ್ಕ್ ಕಾರ್ಡ್ ಹಾಕಿದವರು ಬಯಾಸ್‌ನಲ್ಲಿ ರೀಸೈಜಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ತಲುಪಲು ಬಿಡುವ ಸೆಟ್ಟಿಂಗ್) ಆನ್ ಇದೆಯೇ ಎಂದು ನೋಡಲೇಬೇಕು.

ಆಡುತ್ತಿರುವಾಗ ಕಂಪ್ಯೂಟರ್ ಧಡಕ್ಕನೆ ಆಫ್ ಆಗುತ್ತಿದ್ದರೆ ಅನುಮಾನ ಪವರ್ ಸಪ್ಲೈ ಮೇಲೆ ಹೋಗಲಿ. ಸ್ಲಾಟ್‌ನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್, ಒಂದು 8 ಪಿನ್ ಕನೆಕ್ಟರ್‌ನಿಂದ 150. ಕಾರ್ಡಿಗೆ ಎರಡು ಕನೆಕ್ಟರ್ ಬೇಕಿದ್ದರೆ ಒಂದೇ ವೈರಿನ ಎರಡು ಬಾಲಗಳನ್ನು ಚುಚ್ಚುವ ಬದಲು ಎರಡು ಬೇರೆ ವೈರ್ ಎಳೆಯುವುದು ಒಳ್ಳೆಯದು. ಆಫ್ ಆದ ಮೇಲೆ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ಸಾಲು ಸಿಗುತ್ತದೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದು ಹೇಳುತ್ತದೆ. ಪವರ್ ಸಪ್ಲೈ ಕೆಟ್ಟಿದೆ ಎಂಬುದಕ್ಕೆ ಅದೊಂದೇ ಸಾಕ್ಷಿಯಾಗದು.

ಈಗ ಏನು ಮಾಡುವುದು?

ತಡೆ ಪ್ರೊಸೆಸರಿನಲ್ಲೇ ಎಂದು ಖಾತ್ರಿಯಾಯಿತು ಅನ್ನೋಣ. ಹಾಗಿದ್ದರೂ ತಕ್ಷಣ ಬದಲಿಸಬೇಕು ಎಂದೇನಿಲ್ಲ. ಕಾರ್ಡಿನಲ್ಲಿ ಶಕ್ತಿ ಉಳಿದಿದೆ ಅಲ್ವಾ, ರೆಸಲ್ಯೂಶನ್ ಮತ್ತು ಟೆಕ್ಸ್ಚರ್ ಏರಿಸಿ. ಎಫ್‌ಪಿಎಸ್ ಹೆಚ್ಚು ಇಳಿಯದೆ ಚಿತ್ರ ಚೆನ್ನಾಗುತ್ತದೆ. ಜನಸಂದಣಿ, ದೂರದ ನೋಟ, ರೇ ಟ್ರೇಸಿಂಗ್ (ಬೆಳಕು ಸಾಗುವ ದಾರಿಯ ಲೆಕ್ಕ) ಇವು ಪ್ರೊಸೆಸರಿಗೂ ಹೊರೆ, ಅವನ್ನು ಇಳಿಸಿ. 60 ಮತ್ತು 110ರ ನಡುವೆ ಜೋಲಿ ಹೊಡೆಯುವ ಗೇಮ್‌ಗೆ 70ರ ಮಿತಿ ಹಾಕಿದರೆ ಆಟ ಎಷ್ಟೋ ನಯವಾಗುತ್ತದೆ. ನನ್ನ ಕೇಳಿದರೆ ಮೊದಲು ಇಷ್ಟು ಮಾಡಿ ಒಂದು ವಾರ ಆಡಿ ನೋಡಿ.

ಅಷ್ಟಾದರೂ ಸಾಲದಿದ್ದರೆ, ಇರುವ ಬೋರ್ಡಿಗೇ ಹೊಂದುವ ಹೊಸ ಪ್ರೊಸೆಸರ್ ಇದೆಯೇ ಎಂದು ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ನೋಡಿ. 2017ರಲ್ಲಿ ಬಂದ ಹಲವು ಎಎಂ4 (ಎಎಂಡಿ ಪ್ರೊಸೆಸರ್ ಸಾಕೆಟ್) ಬೋರ್ಡ್‌ಗಳು ಬಯಾಸ್ ಅಪ್‌ಡೇಟ್ ಆದ ಮೇಲೆ 2022ರ ರೈಜೆನ್ 7 5800ಎಕ್ಸ್3ಡಿಯನ್ನೂ ಓಡಿಸುತ್ತವೆ. 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಇರುವ ಆ ಪ್ರೊಸೆಸರ್ ಗೇಮ್‌ಗಳಲ್ಲಿ ದೊಡ್ಡ ನೆಗೆತ ಕೊಡುತ್ತದೆ. ಬಯಾಸ್ ಅಪ್‌ಡೇಟನ್ನು ಮಾತ್ರ ಹಳೆಯ ಪ್ರೊಸೆಸರ್ ಬಿಚ್ಚುವ ಮೊದಲೇ ಮಾಡಿ ಮುಗಿಸಿ. ಹಳೆಯ ಬಯಾಸ್‌ಗೆ ಹೊಸ ಪ್ರೊಸೆಸರಿನ ಗುರುತು ಹತ್ತದಿದ್ದರೆ ಕಂಪ್ಯೂಟರ್ ಆನ್ ಆದರೂ ಪರದೆ ಮೇಲೆ ಏನೂ ಬರುವುದಿಲ್ಲ.