ಸೈಟಿನ ಅಳತೆ ಮೊದಲು, ನಕ್ಷೆ ಆಮೇಲೆ

ಕೊಪ್ಪಳದಲ್ಲಾಗಲಿ ಗಂಗಾವತಿಯಲ್ಲಾಗಲಿ ಮನೆ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಎಂಜಿನಿಯರ್ ಬಳಿ ನಕ್ಷೆ ಬರೆಸಿ, ಕಾಗದಪತ್ರಗಳನ್ನು ಆಮೇಲೆ ಹುಡುಕುತ್ತಾರೆ. ಈ ಕ್ರಮವನ್ನು ಅದಲುಬದಲು ಮಾಡಿಕೊಂಡರೆ ಎಷ್ಟೋ ಓಡಾಟ ತಪ್ಪುತ್ತದೆ.

ಕ್ರಯಪತ್ರ, ಖಾತಾ ಮತ್ತು ಅನುಮೋದಿತ ಲೇಔಟ್ ನಕ್ಷೆ ಮೂರನ್ನೂ ಮುಂದಿಟ್ಟುಕೊಂಡು, ಹೆಸರು, ಚೆಕ್‌ಬಂದಿ (ನಾಲ್ಕೂ ದಿಕ್ಕಿನ ಗಡಿ), ಅಳತೆ ಒಂದಕ್ಕೊಂದು ತಾಳೆಯಾಗುತ್ತವೆಯೇ ನೋಡಬೇಕು. ಬಳಿಕ ಟೇಪು ಹಿಡಿದು ಸೈಟಿನ ನಾಲ್ಕೂ ಬದಿಯನ್ನು ಅಳೆಯಬೇಕು. ಕಾಗದದಲ್ಲಿ 30×40 ಎಂದಿದ್ದರೂ ಪಕ್ಕದ ಮನೆಯ ಕಾಂಪೌಂಡ್ ಒಳಕ್ಕೆ ಸರಿದು ಹಿಂಬದಿ 28 ಅಡಿ 9 ಅಂಗುಲವಷ್ಟೇ ಉಳಿದಿದ್ದರೆ, 1,200 ಚದರ ಅಡಿಯ ಲೆಕ್ಕದಲ್ಲಿ ಬರೆಸಿದ ನಕ್ಷೆ ಸ್ಥಳ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ. ಸೆಟ್‌ಬ್ಯಾಕ್ (ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗ), ಮೆಟ್ಟಿಲು, ಅಡುಗೆಮನೆಯ ಅಗಲ ಎಲ್ಲವನ್ನೂ ಹೊಸದಾಗಿ ಕೂಡಿಸಬೇಕಾಗುತ್ತದೆ. ನೆರೆಯವರೊಂದಿಗೆ ಮಾತನಾಡುವುದಿದ್ದರೆ ಪಾಯ ತೋಡುವ ಮುನ್ನವೇ ಮಾತನಾಡುವುದು ಲೇಸು.

ಜಮೀನು ಮೂಲತಃ ಹೊಲವಾಗಿದ್ದರೆ, 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ ಭೂಪರಿವರ್ತನೆಯಾಗಿರಬೇಕು. ‘ಎನ್‌ಎ (ಕೃಷಿಯೇತರ) ಆಗಿದೆ’ ಎಂಬ ಮಾರಾಟಗಾರರ ಬಾಯಿಮಾತನ್ನು ನಂಬದೆ ಆದೇಶದ ಪ್ರತಿಯನ್ನೇ ಕೇಳಿ ಪಡೆಯಿರಿ. ನಗರಸಭೆಯ ವ್ಯಾಪ್ತಿಯಲ್ಲಿ ಇ-ಖಾತಾ, ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತಿನ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯ) ನಮೂನೆ 9 ಮತ್ತು 11 ಬೇಕಾಗುತ್ತವೆ. ಇವುಗಳ ಜೊತೆಗೆ ಋಣಭಾರ ಪತ್ರವನ್ನೂ ಚಾಲ್ತಿ ವರ್ಷದ ಕರ ರಶೀದಿಯನ್ನೂ ಇಟ್ಟುಕೊಳ್ಳಿ.

ಕೊಪ್ಪಳ ಜಿಲ್ಲೆಗೆ ಇನ್ನೊಂದು ವಿಶೇಷವಿದೆ. ಆನೆಗೊಂದಿ ಮತ್ತು ಸುತ್ತಲಿನ ಹಲವು ಗ್ರಾಮಗಳು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಬರುವುದರಿಂದ, ಅಲ್ಲಿ ಪಂಚಾಯಿತಿಯ ಪರವಾನಗಿಯೊಂದನ್ನೇ ನೆಚ್ಚಿಕೊಂಡು ಕಟ್ಟಲಾಗದು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದ್ದು, ಅದರಾಚೆಯ 200 ಮೀಟರ್‌ನಲ್ಲಿ ಪ್ರತ್ಯೇಕ ಅನುಮತಿ ಪಡೆಯಬೇಕು. ಹಂಪಿ ಎದುರಿನ ನಡುಗಡ್ಡೆಯಾದ ವಿರುಪಾಪುರ ಗಡ್ಡಿಯ ಅನಧಿಕೃತ ರೆಸಾರ್ಟ್‌ಗಳು 2020ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ನೆಲಸಮವಾದುದನ್ನು ಈ ಭಾಗದವರು ಕಣ್ಣಾರೆ ಕಂಡಿದ್ದಾರೆ.

ಇಷ್ಟಾದ ಮೇಲೆ ನೋಂದಾಯಿತ ಎಂಜಿನಿಯರ್‌ ಕೈಯಲ್ಲಿ ನಕ್ಷೆ ಬರೆಸಬೇಕು. ರಸ್ತೆಯ ಅಗಲ, ಉತ್ತರ ದಿಕ್ಕು, ನಾಲ್ಕೂ ಬದಿಯ ಸೆಟ್‌ಬ್ಯಾಕ್, ಮಹಡಿಗಳ ಎತ್ತರ, ಒಳಚರಂಡಿ ಇಲ್ಲದ ಬಡಾವಣೆಯಾದರೆ ಸೆಪ್ಟಿಕ್ ಟ್ಯಾಂಕ್ ಇರುವ ಜಾಗ ಇವೆಲ್ಲ ಅದರಲ್ಲಿ ಸ್ಪಷ್ಟವಾಗಿರಲಿ. ಮುಂದೆ ಮೇಲಂತಸ್ತು ಕಟ್ಟುವ ಆಸೆ ಇದ್ದರೆ ಈಗಲೇ ತೋರಿಸಿ. ನೆಲಮಹಡಿಗೆ ಮಾತ್ರ ಪರವಾನಗಿ ಪಡೆದು ಮೇಲಕ್ಕೆ ಏರಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆಯಾದರೂ ಅದು ಉಲ್ಲಂಘನೆಯೇ. ಅರ್ಜಿ ಸಲ್ಲಿಸಿ, ಸ್ಥಳ ಪರಿಶೀಲನೆಯಾಗಿ, ಪರವಾನಗಿ ಶುಲ್ಕ ಮತ್ತು ಅನ್ವಯಿಸುವ ಸೆಸ್ ಕಟ್ಟಿದ ನಂತರ ಆದೇಶ ಕೈಗೆ ಬರುತ್ತದೆ. ಹಣ ಕಟ್ಟಿದ್ದಕ್ಕೆಲ್ಲ ರಶೀದಿ ಇರಲಿ.

ಆದೇಶದಲ್ಲಿ ನಮೂದಾದ ಅವಧಿ ಮುಗಿಯುವುದರೊಳಗೆ ಕೆಲಸ ಮುಗಿಯದಿದ್ದರೆ ನವೀಕರಣ ಕೋರಬೇಕು. ಮುದ್ರೆಯಿರುವ ನಕ್ಷೆಯ ಪ್ರತಿಯೊಂದು ಸೈಟಿನಲ್ಲೇ ಇದ್ದರೆ, ಮೇಸ್ತ್ರಿ ಕಾಲಂ ಗುರುತು ಹಾಕುವಾಗ ಅದನ್ನು ನೋಡಿಯೇ ದಾರ ಎಳೆಯುತ್ತಾನೆ. ಮನೆ ಮುಗಿದ ಮೇಲೆ ಕಟ್ಟಡ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದನ್ನು ಮರೆಯುವವರೇ ಹೆಚ್ಚು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಇಂಥ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್ ಮತ್ತು ನೀರಿನ ಸಂಪರ್ಕ ಕೊಡಬಾರದೆಂದು ನಿರ್ದೇಶಿಸಿರುವುದರಿಂದ, ಚಿಕ್ಕ ಮನೆಗಳಿಗೆ ಇರುವ ವಿನಾಯಿತಿ ನಿಮಗೆ ಅನ್ವಯಿಸುತ್ತದೆಯೇ ಎಂಬುದನ್ನು ಕಾಯಂ ಮೀಟರ್‌ಗೆ ಅರ್ಜಿ ಕೊಡುವ ಮೊದಲೇ ಈ ಭಾಗದ ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಂ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.